ರೋಗಿಯ ಕೋಣೆಯೂ ಚಿಕಿತ್ಸೆಯ ಅಂಗ

ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ, ಈ ನಾಲ್ಕನ್ನು ಆಯುರ್ವೇದವು ಚಿಕಿತ್ಸೆಯ ಚತುಷ್ಪಾದಗಳೆಂದು ಕರೆದಿದೆ. ಈ ನಾಲ್ಕೂ ಒಂದೆಡೆ ಸೇರುವ ಸ್ಥಳ ಹೇಗಿರಬೇಕೆಂಬುದನ್ನೂ ನಮ್ಮ ಆಚಾರ್ಯರು ಅಲಕ್ಷಿಸಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 15ನೆಯ ಅಧ್ಯಾಯವು ವಮನ, ವಿರೇಚನ ಮೊದಲಾದ ಶೋಧನ ಚಿಕಿತ್ಸೆಗೆ ಮುನ್ನ ಸಿದ್ಧಪಡಿಸಿಕೊಳ್ಳಬೇಕಾದುದನ್ನು ವಿವರಿಸುತ್ತದೆ. ಆ ವಿವರ ಆರಂಭವಾಗುವುದು ಔಷಧದಿಂದಲ್ಲ, ಕಟ್ಟಡದಿಂದ.

ಮನೆ ದೃಢವಾಗಿರಬೇಕು. ಗಾಳಿ ರೋಗಿಯ ಮೇಲೆ ನೇರವಾಗಿ ಬೀಸಬಾರದು, ಆದರೆ ಒಂದು ಭಾಗದಲ್ಲಿ ಚೆನ್ನಾಗಿ ಆಡುತ್ತಿರಬೇಕು. ಸುಖವಾಗಿ ಓಡಾಡಲು ಅವಕಾಶವಿರಬೇಕು. ಹೊಗೆ, ಬಿಸಿಲು, ಧೂಳುಗಳ ಬಾಧೆ ಇರಬಾರದು. ಅಪ್ರಿಯವಾದ ಶಬ್ದ, ಗಂಧ, ದೃಶ್ಯಗಳು ರೋಗಿಯನ್ನು ತಲುಪಬಾರದು. ಹಾಸಿಗೆ ಮತ್ತು ಆಸನಗಳಿಗೆ ಹಾಸು, ಮೇಲುಹಾಸು, ದಿಂಬು, ಒರಗುಗಳಿರಬೇಕು; ನೀರಿನ ಪಾತ್ರೆಯೂ ಪೀಕದಾನಿಯೂ ಹತ್ತಿರದಲ್ಲೇ ಇರಬೇಕು. ಪೀಠೋಪಕರಣಗಳನ್ನು ಅಲಂಕಾರವೆಂದಲ್ಲ, ಉಪಚಾರದ ಸಾಧನವೆಂದು ಇಲ್ಲಿ ಎಣಿಸಿರುವುದು ಗಮನಾರ್ಹ.

ಇದೇ ದೃಷ್ಟಿಯನ್ನು ದೂರದ ಫಿನ್ಲೆಂಡ್ ದೇಶದ ಪೈಮಿಯೊದಲ್ಲಿ 1933ರಲ್ಲಿ ಪ್ರಾರಂಭವಾದ ಕ್ಷಯರೋಗದ ಆಸ್ಪತ್ರೆಯಲ್ಲಿಯೂ ಕಾಣಬಹುದು. ಆಗ ಕ್ಷಯಕ್ಕೆ ಪರಿಣಾಮಕಾರಿ ಔಷಧವಿರಲಿಲ್ಲ. ವಿಶ್ರಾಂತಿ, ಶುದ್ಧ ಗಾಳಿ, ಬೆಳಕುಗಳೇ ಮುಖ್ಯ ಆಧಾರ. ವಾಸ್ತುಶಿಲ್ಪಿ ಅಲ್ವಾರ್ ಆಲ್ಟೊ ಅವರು ಮಲಗಿರುವವನ ಕಣ್ಣಿನಿಂದ ಕೋಣೆಯನ್ನು ಕಂಡರು. ರೋಗಿ ದಿನವಿಡೀ ನೋಡುವುದು ಮೇಲ್ಛಾವಣಿಯನ್ನಾದ್ದರಿಂದ ಅದಕ್ಕೆ ಹಸಿರು ಬಣ್ಣ ಬಳಿಸಿದರು; ದೀಪದ ಬೆಳಕು ನೇರವಾಗಿ ಕಣ್ಣಿಗೆ ಬೀಳದಂತೆ ಮಾಡಿದರು. ಒಬ್ಬರು ಕೈ ತೊಳೆಯುವಾಗ ಪಕ್ಕದ ಹಾಸಿಗೆಯವರಿಗೆ ಸದ್ದಾಗದಂತೆ ತೊಟ್ಟಿಗಳ ಇಳಿಜಾರನ್ನು ರೂಪಿಸಿದರು. ಬಾಗಿಸಿದ ಮರದಿಂದ ಮಾಡಿದ ಅಲ್ಲಿನ ಕುರ್ಚಿಯ ಒರಗನ್ನು ಉಸಿರಾಟಕ್ಕೆ ಅನುಕೂಲವಾಗಲೆಂದು ಹಿಂದಕ್ಕೆ ವಾಲಿಸಲಾಗಿತ್ತು.

ಪೀಠೋಪಕರಣಗಳ ಪ್ರಭಾವ ಮನಸ್ಸಿನ ಮೇಲೂ ಉಂಟು. 1950ರ ದಶಕದಲ್ಲಿ ಕೆನಡಾದ ಸಸ್ಕಾಚೆವಾನ್ ಪ್ರಾಂತದ ಆಸ್ಪತ್ರೆಯೊಂದರಲ್ಲಿ ವೃದ್ಧೆಯರು ಗೋಡೆಗುಂಟ ಸಾಲಾಗಿ ಇಟ್ಟ ಕುರ್ಚಿಗಳಲ್ಲಿ ಮೌನವಾಗಿ ಕುಳಿತಿರುತ್ತಿದ್ದರು. ಮನಶ್ಶಾಸ್ತ್ರಜ್ಞ ರಾಬರ್ಟ್ ಸೋಮರ್ ಅವರು ಆ ಕುರ್ಚಿಗಳನ್ನು ಸಣ್ಣ ಮೇಜುಗಳ ಸುತ್ತ ಇರಿಸಿದಾಗ ಪರಸ್ಪರ ಸಂಭಾಷಣೆ ಗಣನೀಯವಾಗಿ ಹೆಚ್ಚಿತು. ಮುಂದೆ 1984ರಲ್ಲಿ ರೋಜರ್ ಉಲ್ರಿಚ್ ಅವರು ಅಮೆರಿಕದಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದ 46 ರೋಗಿಗಳ ದಾಖಲೆಗಳನ್ನು ಹೋಲಿಸಿ ಪ್ರಕಟಿಸಿದರು. ಕಿಟಕಿಯಲ್ಲಿ ಮರಗಳು ಕಾಣುತ್ತಿದ್ದವರು, ಇಟ್ಟಿಗೆಯ ಗೋಡೆಯಷ್ಟೇ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದ್ದರು. ಪ್ರಬಲವಾದ ನೋವುನಿವಾರಕಗಳೂ ಅವರಿಗೆ ಕಡಿಮೆ ಬೇಕಾಗಿದ್ದವು. ಇದು ಸಣ್ಣ ಅಧ್ಯಯನ. ಹಸಿರು ನೋಟ ಔಷಧಕ್ಕೆ ಬದಲಿಯಲ್ಲ; ಔಷಧಕ್ಕೆ ಸಹಾಯಕ.

ನಮ್ಮ ಅನೇಕ ಆಸ್ಪತ್ರೆಗಳಲ್ಲಿ ಇರುವುದು ಕೈಗಳಿಲ್ಲದ ಉದ್ದನೆಯ ತಗ್ಗು ಬೆಂಚು. ಆಸನ ತಗ್ಗಾದಷ್ಟೂ ಏಳುವಾಗ ಮಂಡಿ ಮತ್ತು ಸೊಂಟಗಳ ಮೇಲೆ ಭಾರ ಹೆಚ್ಚುತ್ತದೆ. ಸಂಧಿವಾತದ ವೃದ್ಧರು ಪಕ್ಕದವರ ಭುಜ ಹಿಡಿದೇ ಏಳಬೇಕಾಗುತ್ತದೆ. ಕುರ್ಚಿಗೆ ಗಟ್ಟಿಯಾದ ಕೈಗಳಿದ್ದರೆ ಆ ಭಾರವನ್ನು ತೋಳುಗಳು ಹಂಚಿಕೊಳ್ಳುತ್ತವೆ. ಹಗುರವಾದ ಪ್ಲಾಸ್ಟಿಕ್ ಕುರ್ಚಿ ಒಂದೇ ಬದಿಗೆ ಒತ್ತಿದರೆ ಮಗುಚಬಹುದು. ಇಳಿವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ಬಹುಕಾಲ ಹಾಸಿಗೆ ಹಿಡಿಯುವ ಸ್ಥಿತಿ ಬರಬಹುದು. ಅದರ ಹಿಂದೆಯೇ ಹಾಸಿಗೆ ಹುಣ್ಣು, ಶ್ವಾಸಕೋಶದ ಸೋಂಕುಗಳು ಬರುವ ಅಪಾಯವಿದೆ. ಎಷ್ಟೋ ಮಂದಿ ಮತ್ತೆ ಮೊದಲಿನಂತೆ ನಡೆಯಲಾರರು.

ಮನೆಯಲ್ಲಿ ಹಿರಿಯರನ್ನು, ರೋಗಿಗಳನ್ನು ನೋಡಿಕೊಳ್ಳುವವರು ಕೆಲವು ಅಂಶಗಳನ್ನು ಗಮನಿಸಬೇಕು. ಮಂಚದ ಅಂಚಿನಲ್ಲಿ ಕುಳಿತಾಗ ಎರಡೂ ಪಾದಗಳು ಪೂರ್ತಿಯಾಗಿ ನೆಲಕ್ಕೆ ತಾಗಬೇಕು. ಕುರ್ಚಿಯ ಎತ್ತರ ಮಂಡಿಯ ಹಿಂಭಾಗದ ಮಡಿಕೆಯ ಮಟ್ಟಕ್ಕಿರಲಿ. ನೀರು, ಕನ್ನಡಕ, ಊರುಗೋಲು, ಕರೆಗಂಟೆ ಮಲಗಿದಲ್ಲಿಂದಲೇ ಕೈಗೆ ಸಿಗಲಿ. ಮಂಚದಿಂದ ಶೌಚಾಲಯದವರೆಗೆ ರಾತ್ರಿಯಿಡೀ ಮಂದವಾದ ದೀಪವಿರಲಿ. ಆ ದಾರಿಯಲ್ಲಿ ಜಾರುವ ಚಾಪೆ, ವೈರುಗಳು ಬೇಡ. ಶೌಚಾಲಯದ ಗೋಡೆಗೆ ಭದ್ರವಾದ ಹಿಡಿಕೆ ಹಾಕಿಸಿ. ಟವೆಲ್ ಹಾಕುವ ಸರಳು ದೇಹದ ಭಾರವನ್ನು ತಾಳದು. ಮಂಚವನ್ನು ಕಿಟಕಿಯ ಕಡೆಗೆ ತಿರುಗಿಸಿ. ಹೊರಗೆ ಒಂದು ತುಳಸಿಗಿಡವಾದರೂ ಕಾಣಲಿ. ಮಾತನಾಡಿಸಲು ಬಂದವರಿಗೆ ರೋಗಿಯ ಮುಖಕ್ಕೆ ಎದುರಾಗಿ ಆಸನ ಹಾಕಿ.

ಹಿರಿಯರ ಸ್ಮರಣಾರ್ಥ ಆಸ್ಪತ್ರೆಗಳಿಗೆ ಆಸನಗಳನ್ನು ದಾನ ನೀಡುವ ಸತ್ಸಂಪ್ರದಾಯ ನಮ್ಮಲ್ಲಿದೆ. ಹಾಗೆ ಕೊಡುವವರು ಖರೀದಿಸುವ ಮುನ್ನ ಮಂಡಿನೋವಿರುವ ಹಿರಿಯರೊಬ್ಬರನ್ನು ಆ ಆಸನದಲ್ಲಿ ಕುಳ್ಳಿರಿಸಿ, ಅವರು ಯಾರ ನೆರವೂ ಇಲ್ಲದೆ ಏಳಬಲ್ಲರೇ ಎಂದು ಪರೀಕ್ಷಿಸಲಿ. ಏಳಬಲ್ಲರಾದರೆ ಆ ದಾನ ನಿಜವಾಗಿಯೂ ರೋಗಿಗೆ ತಲುಪುತ್ತದೆ.