ಕಲ್ಲಿನ ಬೆನ್ನು ನೋಡು ತಮ್ಮಾ!

ಎರಡಡಿ ಉದ್ದ, ಎರಡಡಿ ಅಗಲ, 20 ಮಿ.ಮೀ. ದಪ್ಪದ ಗ್ರಾನೈಟ್ ಕಲ್ಲು ಎಷ್ಟು ತೂಗುತ್ತೆ ಹೇಳಿ ನೋಡೋಣ? ಸುಮಾರು 20 ಕೆ.ಜಿ! ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟ್, ಟೆಕ್ ಪಾರ್ಕ್‌ಗಳ ಲಾಬಿಯಲ್ಲಿ ನಾವು ಸೆಲ್ಫಿ ತೆಗೆದುಕೊಳ್ಳುವಾಗ ಹಿಂದಿನ ಗೋಡೆಯಲ್ಲಿ ಅಂಥವು ಹತ್ತಾರು ನಿಂತಿರುತ್ತವೆ. ಅವು ಬೀಳದೆ ನಿಲ್ಲುವುದು ಹೇಗೆ ಅನ್ನೋದು ನನಗೆ ತಿಳಿದದ್ದು ಸಿವಿಲ್ ನಾಲ್ಕನೇ ಸೆಮ್ ಮುಗಿಸಿ ಇಂಟರ್ನ್‌ಷಿಪ್‌ಗೆ ಹೋದಾಗ.

ಸೈಟ್ ಇದ್ದದ್ದು ಜಿಗಣಿ ಹತ್ತಿರ. ಜಿಗಣಿ ಅಂದರೆ ಗ್ರಾನೈಟ್ ಫ್ಯಾಕ್ಟರಿಗಳ ಊರು. ಚಪ್ಪಡಿಗಳನ್ನು ಕಪಾಟಿನ ಪುಸ್ತಕಗಳ ಹಾಗೆ ಓರೆಯಾಗಿ ಜೋಡಿಸಿಟ್ಟಿರುತ್ತಾರೆ. ನಮ್ಮ ಮೇಸ್ತ್ರಿ ಕಲಬುರಗಿ ಜಿಲ್ಲೆಯ ಶಹಾಬಾದ್ ಕಡೆಯವರು. ಹೌದು, ಹಳೇ ಮನೆಗಳ ನೆಲಕ್ಕೆ ಹಾಕುತ್ತಿದ್ದರಲ್ಲ, ಆ ಶಹಾಬಾದ್ ಕಲ್ಲಿನ ಊರು. ಮೊದಲ ದಿನವೇ ಅವರು, ‘ಪಾಲಿಶ್ ಏನ್ ನೋಡ್ತಿ ತಮ್ಮಾ, ಕಲ್ಲಿನ ಬೆನ್ನು ನೋಡು’ ಅಂದರು.

ತಿರುಗಿಸಿದರೆ ಬಲೆ! ಸಾಗಿಸುವಾಗ ಒಡೆಯದಿರಲಿ ಅಂತ ಕೆಲವು ಕಲ್ಲುಗಳ ಹಿಂದೆ ಫ್ಯಾಕ್ಟರಿಯಲ್ಲೇ ಫೈಬರ್ ಬಲೆಯನ್ನು ರೆಸಿನ್ ಹಾಕಿ ಅಂಟಿಸಿರುತ್ತಾರೆ. ಅದರ ಮೇಲೆ ಸಿಮೆಂಟ್ ಅಂಟು ಹಚ್ಚಿದರೆ ಅದು ಕಲ್ಲನ್ನು ಮುಟ್ಟುವುದೇ ಇಲ್ಲ. ರೆಸಿನ್ ಮೇಲೆ ಸರಿಯಾಗಿ ಹಿಡಿಯುವುದೂ ಇಲ್ಲ. ಬಲೆಯನ್ನು ಕೆರೆದು ತೆಗೆಯಬೇಕು, ಇಲ್ಲವೇ ಎಪಾಕ್ಸಿ ಬಳಸಬೇಕು. ಬಲೆ ಇಲ್ಲದಿದ್ದರೂ ಕೊಯ್ಯುವಾಗ ಮೆತ್ತಿಕೊಂಡ ಕಲ್ಲಿನ ಹಿಟ್ಟನ್ನು ತೊಳೆಯಲೇಬೇಕು.

ಮೂಲೆಗೊಂದು, ನಡುವೆ ಒಂದು ಅಂತ ಐದು ಮುದ್ದೆ ಇಟ್ಟು ಒತ್ತಿದರೆ ಕೆಲಸ ಬೇಗ ಮುಗಿಯುತ್ತೆ. ಆದರೆ ಒಳಗೆ ಪೊಳ್ಳು. ನೆಲವಾದರೆ ಸಿಲಿಂಡರ್ ಕುಕ್ಕಿದ ದಿನ ಬಿರುಕು. ಗೋಡೆಯಾದರೆ ಹಿಡಿತವೇ ಕಮ್ಮಿ. ಮೇಸ್ತ್ರಿ ಹಲ್ಲಿರುವ ಕರಣೆಯಿಂದ ಗೋಡೆಗೂ ಬಳಿಯುತ್ತಿದ್ದರು, ಕಲ್ಲಿನ ಬೆನ್ನಿಗೂ ಬಳಿಯುತ್ತಿದ್ದರು. ಅಂಟು ಗಟ್ಟಿಯಾದ ಮೇಲೆ ನಾಣ್ಯದಿಂದ ಒಂದೊಂದೇ ಕಲ್ಲನ್ನು ತಟ್ಟಿ ಕೇಳುತ್ತಿದ್ದರು. ಗಟ್ಟಿ ಸದ್ದು ಬಂದರೆ ಪಾಸ್, ಪೊಳ್ಳು ಸದ್ದು ಬಂದರೆ ಫೇಲ್. ನಮ್ಮ ವೈವಾನೇ ವಾಸಿ!

ಸಂದು ಕಾಣಬಾರದು ಅನ್ನೋದು ಎಲ್ಲರ ಆಸೆ. ನಾನು ಲೆಕ್ಕ ಹಾಕಿ ನೋಡಿದೆ: 10 ಮೀಟರ್ ಉದ್ದಕ್ಕೆ ಹಾಕಿದ ಗ್ರಾನೈಟ್ 30 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು ಎರಡೂವರೆ ಮಿ.ಮೀ. ಹಿಗ್ಗುತ್ತೆ. ಸಂಜೆ ಬಿಸಿಲು ಬೀಳುವ ಹೊರಗೋಡೆಯಲ್ಲಿ ಹಿಗ್ಗಲು ಜಾಗ ಬಿಡದಿದ್ದರೆ ಕಲ್ಲು ಉಬ್ಬಿ ಕಳಚಿಕೊಳ್ಳಬಹುದು. ಮೊಬೈಲ್‌ನಲ್ಲಿ ಲೆಕ್ಕ ತೋರಿಸಿದರೆ ಮೇಸ್ತ್ರಿ, ‘ಇದು ನಮಗ ನಮ್ಮೂರ ಬ್ಯಾಸಗಿನೇ ಕಲ್ಸ್ಯದ’ ಅಂದರು.

ಮೂರನೇ ವಾರ ಲಾಬಿಯ ಕೆಲಸ ಹತ್ತಡಿ ಎತ್ತರ ದಾಟಿತು. ‘ಅಂಟೊಂದೇ ಸಾಕು, ಶುಕ್ರವಾರ ಮುಗೀಬೇಕು’ ಅಂದರು ಸೂಪರ್‌ವೈಸರ್. ಮೇಲಿನ ಸಾಲುಗಳಿಗೆ ಸ್ಟೀಲ್ ಕ್ಲಾಂಪ್ ಬೇಕೇ ಬೇಕು ಅಂತ ಮೇಸ್ತ್ರಿ ಕರಣೆ ಕೆಳಗಿಟ್ಟು ಕೂತುಬಿಟ್ಟರು. ಮುಂದೆ ಮಕ್ಕಳು ಸ್ಕೂಲ್ ವ್ಯಾನ್‌ಗೆ ಕಾಯುವುದು ಅದೇ ಗೋಡೆಯ ಕೆಳಗೆ. ಅವರ ಎರಡು ದಿನದ ಕೂಲಿ ಹೋಯಿತು. ಕ್ಲಾಂಪ್ ಬಂತು.

ಇಷ್ಟೆಲ್ಲ ಹಟ ಮಾಡುವ ಮನುಷ್ಯ ತಮ್ಮ ಎದೆಯ ವಿಷಯದಲ್ಲಿ ಮಾತ್ರ ಹಾಗಿರಲಿಲ್ಲ. ಗ್ರಾನೈಟನ್ನು ಒಣಗಿದ್ದಾಗಲೇ ಕೊಯ್ದರೆ ಏಳುವ ಬಿಳಿ ದೂಳಿನಲ್ಲಿ ಸಿಲಿಕಾ ಇರುತ್ತೆ. ವರ್ಷಗಟ್ಟಲೆ ಉಸಿರಿಗೆ ಹೋದರೆ ಸಿಲಿಕೋಸಿಸ್ ಬರುತ್ತೆ. ಅದು ವಾಸಿಯಾಗುವ ಕಾಯಿಲೆಯಲ್ಲ. ಸಿಲಿಕಾ ವಿಪರೀತ ಇರುವ ಕೃತಕ ಕಲ್ಲನ್ನು ಆಸ್ಟ್ರೇಲಿಯಾ 2024ರ ಜುಲೈಯಿಂದ ನಿಷೇಧಿಸಿಯೇಬಿಟ್ಟಿದೆ. ನಮ್ಮ ಸೈಟಿನಲ್ಲಿ ಮೂಗಿಗೆ ಟವೆಲ್ ಅಷ್ಟೇ. ಮೇಸ್ತ್ರಿ ಮಧ್ಯೆ ಮಧ್ಯೆ ಕೆಮ್ಮುತ್ತಿದ್ದರು. ನೀರು ಹಾಯಿಸುತ್ತಾ ಕೊಯ್ಯುವ ಕಟರ್, ಒಳ್ಳೆಯ ಮಾಸ್ಕ್ ಎರಡೂ ಬೇಕು ಅಂತ ನಾನು ಇಂಟರ್ನ್‌ಷಿಪ್ ರಿಪೋರ್ಟ್‌ನಲ್ಲಿ ಒಂದು ಪುಟ ಬರೆದೆ. ನಮ್ಮ ಗೈಡ್ ಅದಕ್ಕೆ ಟಿಕ್ ಹಾಕಿದರು. ಸೈಟಿನವರು ಓದಿದರೋ ಇಲ್ಲವೋ.

ಕೊನೆಯ ದಿನ ಟೀ ಕುಡಿಯುವಾಗ ಮೇಸ್ತ್ರಿ, ‘ನಮ್ಮ ಹುಡುಗ ಪಿಯುಸಿ ಮುಗ್ಸ್ಯಾನ. ಯಾವ ಬ್ರಾಂಚ್ ಚಲೋ?’ ಅಂತ ಕೇಳಿದರು. ನನ್ನ ಕ್ಲಾಸಿನ ಅರ್ಧ ಜನ ಪ್ಲೇಸ್‌ಮೆಂಟ್‌ಗೆ ಅಂತ ಕೋಡಿಂಗ್ ಕಲಿಯುತ್ತಿದ್ದಾರೆ. ಆದರೂ ‘ಸಿವಿಲ್ ಅಣ್ಣಾ’ ಅಂದೆ.

‘ಕೆಮ್ಮು ಬರ್ದಿದ್ರ ಸಾಕು’ ಅಂದವರೇ ಗ್ಲಾಸ್ ತೊಳೆದಿಟ್ಟು ಮತ್ತೆ ಕಟರ್ ಹಿಡಿದರು.