ಕೈಗೆಟುಕದ ಫೋನಿಗೆ ಫೈಲ್ ಕಳಿಸುವುದು ಹೇಗೆ?

ಅಮೆರಿಕದ ಒರೆಗಾನ್ ರಾಜ್ಯದ ಪ್ರೈನ್‌ವಿಲ್‌ನಲ್ಲಿ ಫೇಸ್‌ಬುಕ್ ಕಂಪನಿಯ (ಈಗ ಮೆಟಾ) ಬೃಹತ್ ಡೇಟಾ ಸೆಂಟರ್ ಇದೆ. ಅದರೊಳಗಿನ ಒಂದು ವಿಶಿಷ್ಟ ಪ್ರಯೋಗಾಲಯದ ವಿವರಗಳನ್ನು ಕಂಪನಿ 2016ರಲ್ಲಿ ಪ್ರಕಟಿಸಿತು. ಸರ್ವರ್‌ಗಳಿರಬೇಕಾದ ಕಪಾಟುಗಳಲ್ಲಿ ಅಲ್ಲಿ ಮೊಬೈಲ್ ಫೋನುಗಳಿದ್ದವು. ಒಂದು ಕಪಾಟಿಗೆ 32ರಂತೆ, ಒಟ್ಟು ಸುಮಾರು 2,000 ಫೋನುಗಳು. ಐಫೋನುಗಳ ಜೊತೆಗೆ ಆಂಡ್ರಾಯ್ಡ್ ಫೋನುಗಳೂ ಇದ್ದವು. ಎಂಜಿನಿಯರುಗಳು ಆ್ಯಪ್‌ನಲ್ಲಿ ಮಾಡಿದ ಬದಲಾವಣೆಯಿಂದ ವೇಗ ಕುಗ್ಗಿತೇ, ಮೆಮೊರಿ ಹೆಚ್ಚು ಬೇಕಾಯಿತೇ, ಬ್ಯಾಟರಿ ಬೇಗ ಖಾಲಿಯಾಯಿತೇ ಎಂದು ಈ ಫೋನುಗಳು ಹಗಲಿರುಳೂ ಪರೀಕ್ಷಿಸುತ್ತಿದ್ದವು. ಅವುಗಳ ಪರದೆಯನ್ನು ಯಾವ ಮನುಷ್ಯನ ಬೆರಳೂ ಮುಟ್ಟುತ್ತಿರಲಿಲ್ಲ.

ಇಂಥ ಫೋನುಗಳು ಈಗ ಬಾಡಿಗೆಗೂ ಸಿಗುತ್ತವೆ. 2011ರಲ್ಲಿ ಮುಂಬೈಯಲ್ಲಿ ಶುರುವಾದ ಬ್ರೌಸರ್‌ಸ್ಟ್ಯಾಕ್, 2015ರಲ್ಲಿ ಬಂದ ಅಮೆಜಾನ್‌ನ ಡಿವೈಸ್ ಫಾರ್ಮ್, ಗೂಗಲ್‌ನ ಫೈರ್‌ಬೇಸ್ ಟೆಸ್ಟ್ ಲ್ಯಾಬ್, ಅಮೆರಿಕದ ಸಾಸ್ ಲ್ಯಾಬ್ಸ್ ಈ ಸೇವೆ ಕೊಡುವ ಕೆಲವು ಸಂಸ್ಥೆಗಳು. ಬೆಂಗಳೂರಿನಲ್ಲಿ ಕುಳಿತ ಟೆಸ್ಟರ್ ಬರೆದ ಪ್ರೋಗ್ರಾಂ ಇನ್ನಾವುದೋ ಖಂಡದ ಫೋನಿನಲ್ಲಿ ಆ್ಯಪ್ ತೆರೆದು, ಗುಂಡಿ ಒತ್ತಿ, ಪರದೆ ಓದಿ, ತಪ್ಪಿದ್ದರೆ ವರದಿ ಮಾಡುತ್ತದೆ.

ಗುಂಡಿ ಒತ್ತಿಸುವ ಸಮಸ್ಯೆ ಬಹುಮಟ್ಟಿಗೆ ಬಗೆಹರಿದಿದೆ. ಫೈಲ್ ಮುಟ್ಟಿಸುವ ಸಮಸ್ಯೆಯನ್ನು ಮಾತ್ರ ಪ್ರತಿ ತಂಡವೂ ತಾನೇ ಎದುರಿಸಿ ಕಲಿಯಬೇಕಾಗುತ್ತದೆ. ಬ್ಯಾಂಕ್ ಆ್ಯಪ್‌ನಲ್ಲಿ ಗುರುತಿನ ಚೀಟಿಯ ಫೋಟೊ ಸೇರಿಸುವ ಹಂತ ಬಂದಾಗ ಫೋನಿನಲ್ಲಿ ಫೋಟೊ ಇರಲೇಬೇಕು. ಕಾಲೇಜು ಪ್ರವೇಶದ ಆ್ಯಪ್‌ಗೆ ಅಂಕಪಟ್ಟಿಯ ಪಿಡಿಎಫ್ ಬೇಕು. ಸಂಗೀತದ ಆ್ಯಪ್‌ಗೆ ಹಾಡು ಬೇಕು. ಬಾಡಿಗೆಯ ಫೋನು ಹಿಂದಿನ ಬಾಡಿಗೆದಾರರ ಯಾವ ಗುರುತೂ ಇಲ್ಲದೆ, ಖಾಲಿಯಾಗಿ ಕೈಗೆ ಬರುತ್ತದೆ. ಬೇಕಾದದ್ದನ್ನೆಲ್ಲ ದೂರದಿಂದಲೇ ಅದರೊಳಗೆ ಇಡಬೇಕು. ಫೈಲು ಫೋನಿಗೆ ತಲುಪುವುದು ಒಂದು ಸಂಗತಿ, ಅದು ಆ್ಯಪ್‌ನ ಕಣ್ಣಿಗೆ ಬೀಳುವುದು ಇನ್ನೊಂದು. ಈ ಎರಡರ ನಡುವಿನ ಅಂತರದಲ್ಲೇ ಅನೇಕ ಪರೀಕ್ಷೆಗಳು ಎಡವುತ್ತವೆ.

ಆಂಡ್ರಾಯ್ಡ್‌ನಲ್ಲಿ ಫೈಲ್ ಸಾಗಣೆಯ ಮೂಲ ಸಾಧನ ಎಡಿಬಿ. ಇದರಲ್ಲಿ ಮೂರು ಭಾಗಗಳಿವೆ. ಆದೇಶ ಕೊಡುವ ಕ್ಲೈಂಟ್, ಅದೇ ಕಂಪ್ಯೂಟರಿನಲ್ಲಿ 5037ನೇ ಪೋರ್ಟ್‌ನಲ್ಲಿ ಕಾಯುತ್ತಿರುವ ಸರ್ವರ್ ಮತ್ತು ಫೋನಿನೊಳಗೆ ಹಿನ್ನೆಲೆಯಲ್ಲಿ ಓಡುವ ಒಂದು ಪುಟ್ಟ ಪ್ರೋಗ್ರಾಂ. ‘ಪುಶ್’ ಎಂಬ ಆದೇಶ ಕೊಟ್ಟೊಡನೆ ಕ್ಲೈಂಟ್ ಸರ್ವರ್ ಮೂಲಕ ಮೊದಲು ಫೈಲನ್ನು ಎಲ್ಲಿಡಬೇಕೆಂದು ಫೋನಿಗೆ ತಿಳಿಸುತ್ತದೆ. ಆಮೇಲೆ ಫೈಲನ್ನು ಹೆಚ್ಚೆಂದರೆ 64 ಕಿಲೋಬೈಟ್‌ನ ತುಂಡುಗಳಾಗಿ ಒಂದರ ಹಿಂದೊಂದು ಕಳಿಸುತ್ತದೆ. ಕೊನೆಗೆ ‘ಮುಗಿಯಿತು’ ಎಂಬ ಸಂದೇಶದ ಜೊತೆ ಮೂಲ ಫೈಲ್ ಕೊನೆಯ ಬಾರಿ ಬದಲಾದ ಸಮಯವನ್ನೂ ಕಳಿಸುತ್ತದೆ.

ಇದು ಕೇಬಲ್ಲಿನಿಂದ ಜೋಡಿಸಿದ ಫೋನಿನ ಮಾತು. ಬಾಡಿಗೆಯ ಫೋನಿನ ಕೇಬಲ್ ಇರುವುದು ಆ ಪ್ರಯೋಗಾಲಯದ ಕಂಪ್ಯೂಟರಿಗೆ, ಟೆಸ್ಟರ್‌ನ ಲ್ಯಾಪ್‌ಟಾಪಿಗಲ್ಲ. ಆದ್ದರಿಂದ ಹೊಸಬರು ಪ್ರೋಗ್ರಾಂನಲ್ಲಿ ತಮ್ಮ ಲ್ಯಾಪ್‌ಟಾಪಿನ ಫೋಲ್ಡರ್ ವಿಳಾಸ ಬರೆದರೆ ಪರೀಕ್ಷೆ ಮುರಿದು ಬೀಳುತ್ತದೆ. ಆ ಹೆಸರಿನ ಫೋಲ್ಡರ್ ದೂರದ ಯಂತ್ರದಲ್ಲಿ ಇರುವುದೇ ಇಲ್ಲ. ಬ್ರೌಸರ್ ಪರೀಕ್ಷೆಯ ಸೆಲೆನಿಯಮ್ ಕೂಡ ಇದೇ ತೊಡಕನ್ನು ಕಂಡಿತ್ತು. ಅದು ಫೈಲನ್ನು ಮೊದಲು ಜಿಪ್ ಮಾಡಿ ದೂರದ ಯಂತ್ರಕ್ಕೆ ರವಾನಿಸಿ, ನಂತರ ಅಲ್ಲಿನ ವಿಳಾಸವನ್ನು ಬ್ರೌಸರಿಗೆ ಕೊಡುವ ದಾರಿ ಹಿಡಿಯಿತು.

ಮೊಬೈಲ್‌ಗೆ ಈ ಕೆಲಸ ಮಾಡಿಕೊಡುವ ಪ್ರಮುಖ ಸಾಧನ ಆ್ಯಪಿಯಮ್. ಡ್ಯಾನ್ ಕ್ವೆಲ್ಲರ್ ಎಂಬ ಎಂಜಿನಿಯರ್ ಐಫೋನ್ ಆ್ಯಪ್‌ಗಳ ಪರೀಕ್ಷೆಗಾಗಿ ಕಟ್ಟಿದ ಸಾಧನವೊಂದನ್ನು 2012ರಲ್ಲಿ ಲಂಡನ್ನಿನ ಸೆಲೆನಿಯಮ್ ಸಮ್ಮೇಳನದಲ್ಲಿ ತೋರಿಸಿದರು. ಅದೇ ಬೆಳೆದು ಆ್ಯಪಿಯಮ್ ಆಯಿತು. ಇದರ ಆದೇಶಗಳು ವೆಬ್ ಪುಟಗಳಂತೆ ಎಚ್‌ಟಿಟಿಪಿ ಮೂಲಕವೇ ಹೋಗುತ್ತವೆ. ಪ್ರತಿ ಆದೇಶವೂ ಜೇಸನ್ ರೂಪದಲ್ಲಿರುವ ಒಂದು ತುಣುಕು ಪಠ್ಯ. ಆದರೆ ಫೋಟೊ, ಆಡಿಯೊ, ವಿಡಿಯೊಗಳು ಪಠ್ಯವಲ್ಲ. ಅವುಗಳ ಬೈಟ್‌ಗಳನ್ನು ಹಾಗೆಯೇ ಪಠ್ಯದ ನಡುವೆ ತುರುಕಿದರೆ ಓದುವ ಯಂತ್ರ ದಾರಿ ತಪ್ಪುತ್ತದೆ.

ಇಲ್ಲಿ ನೆರವಿಗೆ ಬರುವುದು ಇಮೇಲ್ ಯುಗದ ಆರಂಭದಲ್ಲಿ ಬಳಕೆಗೆ ಬಂದ ಬೇಸ್64 ಎಂಬ ವಿಧಾನ. ಮೂರು ಬೈಟ್ ಎಂದರೆ 24 ಬಿಟ್. ಅವನ್ನು ಆರಾರು ಬಿಟ್‌ಗಳ ನಾಲ್ಕು ಗುಂಪು ಮಾಡಿದರೆ ಪ್ರತಿ ಗುಂಪಿಗೂ 64 ಬೆಲೆಗಳು ಸಾಧ್ಯ. ಇಂಗ್ಲಿಷಿನ ದೊಡ್ಡಕ್ಷರ 26, ಚಿಕ್ಕಕ್ಷರ 26, ಅಂಕಿ 10, ಕೂಡಿಸುವ ಚಿಹ್ನೆ ಮತ್ತು ಓರೆಗೆರೆ ಸೇರಿದರೆ ಸರಿಯಾಗಿ 64. ಹೀಗೆ ಯಾವ ಫೈಲನ್ನಾದರೂ ನಿರಪಾಯವಾದ ಪಠ್ಯವಾಗಿ ಬರೆಯಬಹುದು.

ಕನ್ನಡದ ‘ಕ’ ಅಕ್ಷರವನ್ನೇ ತೆಗೆದುಕೊಳ್ಳಿ. ಯುಟಿಎಫ್-8 ಪದ್ಧತಿಯಲ್ಲಿ ಅದಕ್ಕೆ ಮೂರು ಬೈಟ್ ಬೇಕು, ದಶಮಾನದಲ್ಲಿ ಅವುಗಳ ಬೆಲೆ 224, 178, 149. ಅವುಗಳ 24 ಬಿಟ್‌ಗಳನ್ನು ನಾಲ್ಕಾಗಿ ಹಂಚಿದರೆ 56, 11, 10, 21 ಸಿಗುತ್ತವೆ. ಬೇಸ್64 ಪಟ್ಟಿಯಲ್ಲಿ ಇವು ಕ್ರಮವಾಗಿ ಅಂಕಿ 4 ಮತ್ತು ಇಂಗ್ಲಿಷಿನ ದೊಡ್ಡಕ್ಷರಗಳಾದ ಎಲ್, ಕೆ, ವಿ. ಮೂರು ಬೈಟ್ ಹೋಗಿ ನಾಲ್ಕಾಯಿತು. ಅಂದರೆ ಯಾವ ಫೈಲನ್ನು ಹೀಗೆ ಕಳಿಸಿದರೂ ಗಾತ್ರ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಫೋಟೊ ಆದರೆ ಇದು ಲೆಕ್ಕಕ್ಕಿಲ್ಲ. 90 ಮೆಗಾಬೈಟ್‌ನ ವಿಡಿಯೊ ಆದರೆ 120 ಮೆಗಾಬೈಟ್‌ನ ಒಂದೇ ಅಖಂಡ ಪಠ್ಯವಾಗಿ ಮೆಮೊರಿಯಲ್ಲಿ ಕೂರುತ್ತದೆ. ದೊಡ್ಡ ಫೈಲ್‌ಗಳನ್ನು ತಂಡಗಳು ಸೇವಾ ಸಂಸ್ಥೆಯ ಸಂಗ್ರಹಕ್ಕೆ ಒಮ್ಮೆ ಏರಿಸಿಟ್ಟು, ಪ್ರತಿ ಪರೀಕ್ಷೆಯಲ್ಲೂ ಅದರ ಗುರುತಿನ ಸಂಖ್ಯೆಯನ್ನಷ್ಟೇ ಉಲ್ಲೇಖಿಸುವುದು ಇದೇ ಕಾರಣಕ್ಕೆ.

ಇನ್ನು ಫೈಲನ್ನು ಎಲ್ಲಿಡಬೇಕು ಎಂಬ ಪ್ರಶ್ನೆ.

ಆಂಡ್ರಾಯ್ಡ್ ಫೋನಿನ ಸಂಗ್ರಹವನ್ನು ಹಳೆಯ ವಠಾರವೆಂದು ಭಾವಿಸಬಹುದು. ಪ್ರತಿ ಆ್ಯಪ್‌ಗೂ ಬೀಗವಿರುವ ಸ್ವಂತ ಕೋಣೆ, ಎಲ್ಲರಿಗೂ ಸೇರಿದ ಒಂದು ಅಂಗಳ. ಬಹುಕಾಲ ಅಂಗಳದಲ್ಲಿಟ್ಟ ವಸ್ತುವನ್ನು ಅನುಮತಿ ಪಡೆದ ಯಾವ ಆ್ಯಪ್ ಬೇಕಾದರೂ ಎತ್ತಿಕೊಳ್ಳಬಹುದಿತ್ತು. ಖಾಸಗಿತನದ ದೃಷ್ಟಿಯಿಂದ ಇದು ಅಪಾಯವೆಂದು ಕಂಡ ಗೂಗಲ್, 2019ರ ಆಂಡ್ರಾಯ್ಡ್ 10ರಲ್ಲಿ ‘ಸ್ಕೋಪ್ಡ್ ಸ್ಟೋರೇಜ್’ ನಿಯಮ ತಂದು, ಮುಂದಿನ ವರ್ಷದ ಆವೃತ್ತಿಯಲ್ಲಿ ಅದನ್ನು ಬಿಗಿಗೊಳಿಸಿತು. ಈಗ ಆ್ಯಪ್ ತಾನು ಇಟ್ಟ ಫೈಲ್‌ಗಳನ್ನು ಸಲೀಸಾಗಿ ನೋಡುತ್ತದೆ. ಬೇರೆಯವರು ಇಟ್ಟ ಪಿಡಿಎಫ್ ಬೇಕಾದರೆ ಬಳಕೆದಾರ ತನ್ನ ಕೈಯಾರೆ ಅದನ್ನು ಆಯ್ದು ಕೊಡಬೇಕು.

ಜನಸಾಮಾನ್ಯರಿಗೆ ಇದು ಒಳ್ಳೆಯ ಕಾವಲು. ಟೆಸ್ಟರ್‌ಗಳಿಗೆ ಮಾತ್ರ ಹಳೆಯ ಅಡ್ಡದಾರಿ ಮುಚ್ಚಿತು. ಡೌನ್‌ಲೋಡ್ ಫೋಲ್ಡರಿಗೆ ಪಿಡಿಎಫ್ ಕಳಿಸಿ, ಆ್ಯಪ್ ಅದನ್ನು ನೇರವಾಗಿ ಓದಲೆಂದು ಕಾಯುವ ಪರೀಕ್ಷೆ ಈಗ ಸೋಲುತ್ತದೆ. ಎಡಿಬಿ ಮೂಲಕ ನೋಡಿದರೆ ಫೈಲ್ ಅಲ್ಲೇ ಇರುತ್ತದೆ, ಅದರ ಗಾತ್ರವೂ ಸರಿಯಾಗಿರುತ್ತದೆ. ಎಡಿಬಿಗೆ ಇರುವ ಅಧಿಕಾರ ಆ್ಯಪ್‌ಗೆ ಇಲ್ಲ, ಅಷ್ಟೆ. ಬಳಕೆದಾರ ಮಾಡುವಂತೆಯೇ ಫೈಲ್ ಆಯ್ಕೆಯ ಪರದೆ ತೆರೆದು, ಹೆಸರು ಹುಡುಕಿ, ಒತ್ತುವ ಹೆಜ್ಜೆಗಳನ್ನು ಪರೀಕ್ಷೆಯಲ್ಲಿ ಸೇರಿಸುವುದೇ ಸರಿಯಾದ ದಾರಿ. ಆ್ಯಪ್‌ನ ಸ್ವಂತ ಕೋಣೆಯೊಳಗೇ ಫೈಲ್ ಇಡಲು ಆ್ಯಪಿಯಮ್‌ನಲ್ಲಿ ಅವಕಾಶವಿದೆ. ಆದರೆ ಅಭಿವೃದ್ಧಿಯ ಹಂತಕ್ಕೆಂದೇ ತಯಾರಿಸಿದ, ಡಿಬಗ್ ಮಾಡಬಹುದಾದ ಆವೃತ್ತಿಯಲ್ಲಿ ಮಾತ್ರ ಅದು ನಡೆಯುತ್ತದೆ.

ಫೋಟೊಗಳದ್ದು ಇನ್ನೊಂದು ಬಗೆ. ಗ್ಯಾಲರಿಗಳು ಸಾಮಾನ್ಯವಾಗಿ ಫೋಲ್ಡರುಗಳನ್ನು ತಡಕುವುದಿಲ್ಲ, ಮೀಡಿಯಾಸ್ಟೋರ್ ಎಂಬ ಸೂಚಿಯನ್ನು ನೋಡುತ್ತವೆ. ಸೂಚಿಯಲ್ಲಿ ದಾಖಲಾಗದ ಫೋಟೊ ಗ್ಯಾಲರಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಆ್ಯಪಿಯಮ್‌ನ ಆಂಡ್ರಾಯ್ಡ್ ಚಾಲಕ ಫೈಲ್ ಇಟ್ಟ ಕೂಡಲೇ ಸೂಚಿಯನ್ನು ನವೀಕರಿಸುವಂತೆ ಫೋನಿಗೆ ಹೇಳುವುದು ಇದಕ್ಕಾಗಿಯೇ. ದಿನಾಂಕದ ತೊಡಕೂ ಇದೆ. ಗ್ಯಾಲರಿ ಹೊಸ ಚಿತ್ರಗಳನ್ನು ಮೇಲೆ ಜೋಡಿಸುತ್ತದೆ. ಎಷ್ಟೋ ವರ್ಷಗಳ ಹಿಂದೆ ತೆಗೆದ ಫೋಟೊ ತನ್ನೊಳಗೇ ಆ ದಿನಾಂಕವನ್ನು ಹೊತ್ತು ಬಂದಿರುತ್ತದೆ. ‘ಮೊದಲ ಚಿತ್ರವನ್ನು ಆರಿಸು’ ಎಂದು ಬರೆದ ಪರೀಕ್ಷೆ ಬೇರೆ ಯಾವುದೋ ಚಿತ್ರವನ್ನು ಆರಿಸಿ, ಎಲ್ಲವೂ ಸರಿಯಿದೆ ಎಂದು ವರದಿ ಕೊಟ್ಟುಬಿಡಬಹುದು. ಸೋತ ಪರೀಕ್ಷೆಗಿಂತ ಇಂಥ ಸುಳ್ಳು ಗೆಲುವು ಹೆಚ್ಚು ಹಾನಿಕರ. ಸೋಲಿಗೆ ಯಾರಾದರೂ ಕಾರಣ ಹುಡುಕುತ್ತಾರೆ, ಗೆಲುವನ್ನು ಯಾರೂ ಮತ್ತೆ ನೋಡುವುದಿಲ್ಲ.

ಐಫೋನಿನ ಬಾಗಿಲುಗಳು ಮೊದಲಿನಿಂದಲೂ ಹೆಚ್ಚು ಬಿಗಿ. ಮ್ಯಾಕ್ ಕಂಪ್ಯೂಟರಿನೊಳಗೆ ಓಡುವ ಸಿಮ್ಯುಲೇಟರ್‌ಗೆ ಒಂದೇ ಆದೇಶದಲ್ಲಿ ಫೋಟೊ ಸೇರಿಸಬಹುದು. ನಿಜವಾದ ಐಫೋನಿನಲ್ಲಿ ಹಾಗಲ್ಲ. ‘ನನ್ನ ದಾಖಲೆಗಳ ಫೋಲ್ಡರನ್ನು ಹೊರಗಿನವರೊಡನೆ ಹಂಚಿಕೊಳ್ಳುತ್ತೇನೆ’ ಎಂದು ಆ್ಯಪ್ ತನ್ನ ಮಾಹಿತಿ ಪಟ್ಟಿಯಲ್ಲಿ ಮೊದಲೇ ಘೋಷಿಸಿರಬೇಕು. ಆಗ ಮಾತ್ರ ಆ ಫೋಲ್ಡರಿಗೆ ಫೈಲ್ ಹಾಕಲು ಸಾಧ್ಯ. ಹಾಗಾಗಿ ಐಫೋನ್ ಆ್ಯಪ್‌ನ ಪರೀಕ್ಷೆಯ ಯೋಜನೆ ಆ್ಯಪ್ ಬರೆಯುವವರ ಮೇಜಿನಲ್ಲೇ ಶುರುವಾಗಬೇಕು.

ಕ್ಯಾಮೆರಾ ಬಳಸುವ ಆ್ಯಪ್ ಪರೀಕ್ಷಿಸುವುದು ಹೇಗೆ? ಕಪಾಟಿನಲ್ಲಿರುವ ಫೋನಿನ ಕ್ಯಾಮೆರಾಕ್ಕೆ ಕಾಣುವುದು ಕಪಾಟಿನ ಗೋಡೆ ಮಾತ್ರ. ಕ್ಯುಆರ್ ಕೋಡ್ ಓದುವ ಪಾವತಿ ಆ್ಯಪ್‌ಗೆ ಅಲ್ಲಿ ಓದಲು ಏನೂ ಇಲ್ಲ. ಸೇವಾ ಸಂಸ್ಥೆಗಳು ಇದಕ್ಕೆ ‘ಇಮೇಜ್ ಇಂಜೆಕ್ಷನ್’ ಎಂಬ ಉಪಾಯ ಕಂಡುಕೊಂಡಿವೆ. ಟೆಸ್ಟರ್ ಕ್ಯುಆರ್ ಕೋಡ್‌ನ ಚಿತ್ರವನ್ನು ಮೊದಲೇ ಏರಿಸಿಡುತ್ತಾನೆ. ಆ್ಯಪ್ ಕ್ಯಾಮೆರಾ ತೆರೆದಾಗ, ಮಸೂರದಿಂದ ಬರಬೇಕಾದ ದೃಶ್ಯದ ಬದಲು ಆ ಚಿತ್ರವೇ ಆ್ಯಪ್‌ಗೆ ಸಿಗುತ್ತದೆ.

ಫೈಲ್‌ಗಳು ಮರಳಿಯೂ ಬರಬೇಕು. ಪರೀಕ್ಷೆ ಎಲ್ಲಿ ಎಡವಿತು ಎಂಬುದಕ್ಕೆ ಸಾಕ್ಷಿ ಹೇಳುವುದು ಫೋನಿನ ಲಾಗ್, ಸ್ಕ್ರೀನ್‌ಶಾಟ್ ಮತ್ತು ಪರದೆಯ ವಿಡಿಯೊ. ಆ್ಯಪಿಯಮ್‌ನ ‘ಪುಲ್’ ಆದೇಶ ಇಂಥ ಫೈಲ್‌ಗಳನ್ನು ಅದೇ ಬೇಸ್64 ವೇಷದಲ್ಲಿ ತರುತ್ತದೆ. ಆಂಡ್ರಾಯ್ಡ್‌ನ ಪರದೆ ಚಿತ್ರೀಕರಣದ ಮೂಲ ಆದೇಶಕ್ಕೆ ರೂಢಿಯ ಮಿತಿ 3 ನಿಮಿಷ. ಉದ್ದದ ಪರೀಕ್ಷೆಯಾದರೆ ತುಂಡುಗಳಲ್ಲಿ ಚಿತ್ರೀಕರಿಸಿ ಜೋಡಿಸಬೇಕು. ಎರಡೂ ತುದಿಗಳಲ್ಲಿ ಫೈಲಿನ ಎಸ್‌ಎಚ್‌ಎ-256 ಮೊತ್ತ ತೆಗೆದು ಹೋಲಿಸಿದರೆ, ದಾರಿಯಲ್ಲಿ ಒಂದು ಬಿಟ್ ಬದಲಾಗಿದ್ದರೂ ಗೊತ್ತಾಗುತ್ತದೆ. ಅದಕ್ಕೆ ಬೇಕಾದ ಆದೇಶ ಇಂದಿನ ಆಂಡ್ರಾಯ್ಡ್ ಫೋನುಗಳಲ್ಲೇ ಇದೆ.

ಫೈಲ್ ಕಳಿಸುವ ದಾರಿ ತೆರೆದಿಟ್ಟರೆ ಕಳ್ಳರಿಗೂ ಅದೇ ದಾರಿ. ಎಡಿಬಿಯನ್ನು ನೆಟ್‌ವರ್ಕ್ ಮೂಲಕ ಬಳಸಿದಾಗ ವಾಡಿಕೆಯಂತೆ 5555ನೇ ಪೋರ್ಟ್ ತೆರೆದುಕೊಳ್ಳುತ್ತದೆ. 2018ರ ಫೆಬ್ರುವರಿಯಲ್ಲಿ ಎಡಿಬಿ ಮೈನರ್ ಎಂಬ ಕುತಂತ್ರಾಂಶ ಇದೇ ಪೋರ್ಟ್ ಹಿಡಿದು, ಅಂತರ್ಜಾಲಕ್ಕೆ ತೆರೆದುಕೊಂಡಿದ್ದ ಆಂಡ್ರಾಯ್ಡ್ ಟಿವಿ ಪೆಟ್ಟಿಗೆಗಳಿಗೂ ಫೋನುಗಳಿಗೂ ಹರಡಿತು. ಒಡೆಯನ ಅರಿವಿಗೆ ಬಾರದಂತೆ ಅವುಗಳಲ್ಲಿ ಮೊನೆರೊ ಎಂಬ ಗೂಢಲಿಪಿ ಹಣವನ್ನು ಗಣಿಗಾರಿಕೆ ಮಾಡಿತು. ಸ್ವಂತ ಫೋನ್ ಕಪಾಟು ಕಟ್ಟಿಕೊಳ್ಳುವ ತಂಡಗಳು ಈ ಪೋರ್ಟನ್ನು ಎಂದಿಗೂ ಹೊರಜಾಲಕ್ಕೆ ತೆರೆಯಬಾರದು. ಒಳಗೆ ಕಳಿಸುವ ಫೈಲ್ ಯಾವುದು ಎಂಬುದೂ ಅಷ್ಟೇ ಮುಖ್ಯ. ಯಾರದೋ ನಿಜವಾದ ಆಧಾರ್ ಚೀಟಿಯ ಫೋಟೊವನ್ನು ಬಾಡಿಗೆಯ ಫೋನಿಗೆ ಹಾಕಬಾರದು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ನಾಗರಿಕರ ಮಾಹಿತಿ ಬಳಸುವವರ ಮೇಲೆ ಹೊಣೆ ಹೊರಿಸಿದೆ. ಪರೀಕ್ಷೆಗೆ ಕಲ್ಪಿತ ಹೆಸರು, ಕಲ್ಪಿತ ಸಂಖ್ಯೆಗಳ ಮಾದರಿ ಚೀಟಿ ಧಾರಾಳವಾಗಿ ಸಾಕು.

ಕನ್ನಡಿಗರಿಗಾಗಿ ಆ್ಯಪ್ ಮಾಡುವವರು ಗಮನಿಸಲೇಬೇಕಾದ ಒಂದು ಅಂಶ ಫೈಲಿನ ಹೆಸರಿನಲ್ಲಿದೆ. ‘ಕೋ’ ಎಂಬ ಗುಣಿತಾಕ್ಷರದ ಓಕಾರವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆ ಎಂದು ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಒಂದಕ್ಕೆ 3 ಬೈಟ್, ಇನ್ನೊಂದಕ್ಕೆ 9 ಬೈಟ್. ಆ್ಯಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಫೈಲ್ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. ಅಂಥ ಮ್ಯಾಕ್‌ನಿಂದ ‘ಕೋಲಾರ’ ಎಂಬ ಹೆಸರಿನ ಫೈಲನ್ನು ಆಂಡ್ರಾಯ್ಡ್ ಫೋನಿಗೆ ಕಳಿಸಿ, ಬೈಟ್‌ಗೆ ಬೈಟ್ ಹೋಲಿಸುವ ಪ್ರೋಗ್ರಾಂ ಮೂಲಕ ಹುಡುಕಿದರೆ ‘ಇಲ್ಲ’ ಎಂಬ ಉತ್ತರ ಬರಬಹುದು. ಹೋಲಿಸುವ ಮೊದಲು ಎರಡೂ ಹೆಸರುಗಳನ್ನು ಒಂದೇ ರೂಪಕ್ಕೆ ತರುವುದು ಇದಕ್ಕಿರುವ ಪರಿಹಾರ. ಆ ಸೌಲಭ್ಯ ಜಾವಾ, ಪೈಥಾನ್ ಮುಂತಾದ ಭಾಷೆಗಳಲ್ಲಿ ಸಿದ್ಧವಾಗಿಯೇ ಇದೆ. ದೂರದ ಫೋನಿಗೆ ಕಳಿಸುವ ಮಾದರಿ ಫೈಲ್‌ಗಳ ಕಟ್ಟಿನಲ್ಲಿ ‘ಕೋಲಾರ’, ‘ಶೈಲಾ’, ‘ವೀಣೆ’ಯಂಥ ಹೆಸರುಗಳ ಎರಡೂ ರೂಪಗಳನ್ನು ಸೇರಿಸಿದರೆ, ಕನ್ನಡದಲ್ಲಿ ಹೆಸರಿಟ್ಟ ದಾಖಲೆ ಕಾಣೆಯಾಗುವ ದೋಷ ಬಳಕೆದಾರರಿಗಿಂತ ಮೊದಲೇ ಟೆಸ್ಟರ್‌ಗೆ ಸಿಗುತ್ತದೆ.