ಕರಾವಳಿಯ ಕನ್ನಡ ಪತ್ರಿಕೆಗಳು: ಪ್ರಾದೇಶಿಕತೆಯ ಕೆಲವು ನೆಲೆಗಳು

ಕನ್ನಡ ಪತ್ರಿಕೋದ್ಯಮದ ಅಧ್ಯಯನಗಳು ಬಹುಮಟ್ಟಿಗೆ ಇಡೀ ರಾಜ್ಯವನ್ನು ಒಂದೇ ಘಟಕವೆಂದು ಭಾವಿಸಿ ಹೊರಡುತ್ತವೆ. ಈ ಕ್ರಮದಿಂದ ಕರಾವಳಿಯ ಪತ್ರಿಕೆಗಳ ಸ್ವರೂಪ ತಿಳಿಯುವುದಿಲ್ಲ. ಅದನ್ನು ಅರಿಯಲು ಯುರೋಪಿನ ಪುಟ್ಟ ದೇಶವಾದ ಸ್ವಿಟ್ಸರ್ಲೆಂಡಿನೊಡನೆ ಹೋಲಿಸಿ ನೋಡುವುದು ಉಪಯುಕ್ತ. ನಾಲ್ಕು ರಾಷ್ಟ್ರಭಾಷೆಗಳಿರುವ ಆ ದೇಶದಲ್ಲಿ ಪತ್ರಿಕೆಗಳು ನಗರಗಳಿಗೂ ಭಾಷಾಪ್ರದೇಶಗಳಿಗೂ ಸೇರಿದವು. 1780ರಲ್ಲಿ ಜ್ಯೂರಿಕ್‌ನಲ್ಲಿ ಹುಟ್ಟಿದ ‘ನೊಯೆ ಜ್ಯೂರ್ಖರ್ ತ್ಸೈಟುಂಗ್’ ಜರ್ಮನ್ ಓದುಗರ ಪತ್ರಿಕೆ. ಜಿನೀವಾದ ಫ್ರೆಂಚ್ ಓದುಗರು ಕೈಗೆತ್ತಿಕೊಳ್ಳುವ ಪತ್ರಿಕೆ ಬೇರೆ.

ಈ ಹೋಲಿಕೆ ಕೇವಲ ಆಕಸ್ಮಿಕವಲ್ಲ. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈ 1ರಂದು ಹೊರತಂದ ಹರ್ಮನ್ ಮೋಗ್ಲಿಂಗ್ ಜರ್ಮನಿಯವರಾದರೂ, ಅವರನ್ನು ಕಳುಹಿಸಿದ ಬಾಸೆಲ್ ಮಿಶನ್ ಸಂಸ್ಥೆಯ ಕೇಂದ್ರ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿತ್ತು. ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿದ್ದ ಈ ಪಾಕ್ಷಿಕದಲ್ಲಿ ಊರಿನ ವರ್ತಮಾನ, ಸರಕಾರದ ನಿರೂಪ, ಹೊರರಾಜ್ಯಗಳ ಸುದ್ದಿ, ಕಥೆ ಇವೆಲ್ಲ ಇದ್ದವು. 1844ರಲ್ಲಿ ಅದು ಬಳ್ಳಾರಿಗೆ ಸ್ಥಳಾಂತರಗೊಂಡು ‘ಕಂನಡ ಸಮಾಚಾರ’ವಾಯಿತು. ಅಲ್ಲಿ ಅಚ್ಚುಮೊಳೆಗಳ ಅನುಕೂಲವಿತ್ತು. ಹೆಸರಿನೊಳಗಿನ ಊರು ಹೋಗಿ ಭಾಷೆ ಬಂದ ಈ ಬದಲಾವಣೆ ಚರಿತ್ರಕಾರರ ಗಮನವನ್ನು ಇನ್ನಷ್ಟು ಸೆಳೆಯಬೇಕಾಗಿತ್ತು.

ಆದರೆ ಸ್ವಿಟ್ಸರ್ಲೆಂಡಿಗೂ ಕರಾವಳಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಅಲ್ಲಿ ಮನೆಮಾತೇ ಪತ್ರಿಕೆಯನ್ನು ನಿರ್ಧರಿಸುತ್ತದೆ. ಇಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತನಾಡುವವರು ದಿನಪತ್ರಿಕೆಯನ್ನು ಬಹುಪಾಲು ಕನ್ನಡದಲ್ಲಿ ಓದುತ್ತಾರೆ. 1938ರಲ್ಲಿ ಆರಂಭವಾದ ಕೊಂಕಣಿ ವಾರಪತ್ರಿಕೆ ‘ರಾಕ್ಣೊ’ ಕೂಡ ಕನ್ನಡ ಲಿಪಿಯಲ್ಲಿಯೇ ಪ್ರಕಟವಾಗುತ್ತದೆ. ಹೀಗೆ ಕನ್ನಡವು ಇಲ್ಲಿ ಮನೆಯ ಭಾಷೆಗಿಂತ ಮಿಗಿಲಾಗಿ ಸಾರ್ವಜನಿಕ ವ್ಯವಹಾರದ ಭಾಷೆಯಾಗಿ ಬೆಳೆದಿದೆ. ಕರಾವಳಿಯ ಪತ್ರಿಕೆಗಳ ಶಕ್ತಿ ಇರುವುದು ಇಲ್ಲಿಯೇ.

ಸ್ವಾತಂತ್ರ್ಯಪೂರ್ವದಲ್ಲಿ ಕವಿ ಕಡೆಂಗೋಡ್ಲು ಶಂಕರಭಟ್ಟರು ‘ರಾಷ್ಟ್ರಬಂಧು’ವಿನ ಸಂಪಾದಕರಾಗಿದ್ದರು, 1941ರಲ್ಲಿ ‘ನವಭಾರತ’ ದಿನಪತ್ರಿಕೆ ಹುಟ್ಟಿತು. 1970ರಲ್ಲಿ ಮಣಿಪಾಲದಿಂದ ಹೊರಟ ‘ಉದಯವಾಣಿ’ ಹಳ್ಳಿಯ ಸುದ್ದಿಗೂ ಮುದ್ರಣದ ಅಂದಕ್ಕೂ ಹೆಸರಾಯಿತು. ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಓದುಗರಿಂದಲೇ ಬಂಡವಾಳ ಕೂಡಿಸಿ ‘ಮುಂಗಾರು’ವನ್ನು ಆರಂಭಿಸಿದರು. ಅದು ಬಹುಕಾಲ ಬಾಳಲಿಲ್ಲ. ಓದುಗರ ನಿಷ್ಠೆಯೊಂದರಿಂದಲೇ ಕಾಗದದ ಬೆಲೆ, ಜಾಹೀರಾತಿನ ಕೊರತೆಗಳನ್ನು ಎದುರಿಸಿ ದಿನಪತ್ರಿಕೆ ಉಳಿಯಲಾರದು. 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ ಕೃಷಿಕರ ಮಾಸಿಕ ‘ಅಡಿಕೆ ಪತ್ರಿಕೆ’ಯಾದರೋ ಒಂದು ಬೆಳೆಯ ಸೀಮೆಯನ್ನೇ ತನ್ನ ನಾಡಾಗಿಸಿಕೊಂಡು ನಿಂತಿದೆ.

ರಾಜಕೀಯ ಗಡಿ ಇಲ್ಲಿ ಓದಿನ ಗಡಿಯಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕವೂ ಅಲ್ಲಿನ ಕನ್ನಡಿಗರು ಮಂಗಳೂರು, ಮಣಿಪಾಲಗಳ ಪತ್ರಿಕೆಗಳನ್ನೇ ನೆಚ್ಚಿದರು. ಅವರ ಶಾಲೆ, ಅಧ್ಯಾಪಕರ ನೇಮಕ, ಭಾಷಾ ಅಲ್ಪಸಂಖ್ಯಾತರ ಹಕ್ಕುಗಳ ಪ್ರಶ್ನೆ ತೀರ್ಮಾನವಾಗುವುದು ತಿರುವನಂತಪುರದಲ್ಲಿ; ಅವರ ಪತ್ರಿಕೆ ಅಚ್ಚಾಗುವುದು ಕರ್ನಾಟಕದಲ್ಲಿ. ಅವರ ಅಳಲು ಎರಡು ರಾಜಧಾನಿಗಳಿಗೂ ದೂರವಾಗಿ ಕೇಳಿಸುವುದಕ್ಕೆ ಇದೂ ಒಂದು ಕಾರಣ. ಇನ್ನೊಂದೆಡೆ, ‘ಉದಯವಾಣಿ’ ಮುಂಬಯಿ ಆವೃತ್ತಿಯನ್ನೂ ಹೊರಡಿಸಿ ವಲಸೆ ಹೋದ ಕರಾವಳಿಗರನ್ನು ಊರಿನ ಸುದ್ದಿಯೊಡನೆ ಬೆಸೆಯಿತು.

ಹೊರನಾಡಿನ ಸಂಶೋಧಕರು ಇದರಿಂದ ಒಂದು ಎಚ್ಚರಿಕೆ ವಹಿಸಬೇಕಾಗುತ್ತದೆ. ಹಲವು ಆವೃತ್ತಿಗಳುಳ್ಳ ಪತ್ರಿಕೆಯಲ್ಲಿ ಜಿಲ್ಲಾಪುಟಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ. ಬೆಂಗಳೂರು ಆವೃತ್ತಿಯ ಸಂಪುಟಗಳನ್ನಷ್ಟೇ ನೋಡಿ ಕಾಸರಗೋಡಿನ ವಿಷಯದಲ್ಲಿ ಪತ್ರಿಕೆ ಮೌನವಾಗಿತ್ತೆಂದು ನಿರ್ಣಯಿಸುವುದು ಸಾಧುವಲ್ಲ. ಪತ್ರಿಕೆಯ ಹೆಸರು ಮತ್ತು ದಿನಾಂಕಗಳ ಜೊತೆಗೆ ಆವೃತ್ತಿಯನ್ನೂ ನಮೂದಿಸುವ ಪದ್ಧತಿ ನಮ್ಮ ಪ್ರಬಂಧಗಳಲ್ಲಿ ರೂಢಿಗೆ ಬರಬೇಕು.